ಮನೆಯ ಚಿತ್ರಗಳಲ್ಲಿ ನಮ್ಮ ಸೀಮೆ

ಈ ಸ್ಮರಣ ಸಂಚಿಕೆಗಾಗಿ ಹಳೆಯ ಛಾಯಾಚಿತ್ರಗಳನ್ನು ತಂದುಕೊಡಬೇಕೆಂದು ನಮ್ಮ ಬಾಲಿಕೆಯರನ್ನು ಕೇಳಿಕೊಂಡಿದ್ದೆವು. ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಮನೆಗಳಿಂದಲೇ ಅವು ಹೆಚ್ಚಾಗಿ ಬಂದವು. ಮೊದಲು ಬಂದವೆಲ್ಲ ಸ್ಟುಡಿಯೋದಲ್ಲಿ ತೆಗೆಸಿದವು. ಯಜಮಾನರು ಕುರ್ಚಿಯಲ್ಲಿ ಕುಳಿತಿದ್ದಾರೆ, ಮನೆಯವರು ಪಕ್ಕದಲ್ಲಿ ನಿಂತಿದ್ದಾರೆ. ಹಿಂದೆ ಪರದೆಯ ಮೇಲೆ ಬರೆದ ಕಂಬ, ಮೆಟ್ಟಿಲು, ಉದ್ಯಾನ. ಅಂಥ ಮೆಟ್ಟಿಲುಗಳುಳ್ಳ ಮನೆಯನ್ನು ಈ ಸೀಮೆಯಲ್ಲಿ ನಾವಂತೂ ಕಂಡಿಲ್ಲ.

ಒಬ್ಬ ಹುಡುಗಿ ಮಾತ್ರ ಅಂಗೈಯಗಲದ ಚಿತ್ರವೊಂದನ್ನು ಪುಸ್ತಕದೊಳಗೆ ಅಡಗಿಸಿಕೊಂಡು ಬಂದು, ಕೊಡಲೋ ಬೇಡವೋ ಎಂದು ನಿಂತಳು. "ಮಿಸ್, ನಮ್ಮಜ್ಜಿ ಬರಿಗಾಲಲ್ಲಿ ನಿಂತವ್ರೆ. ಇದನ್ನ ಅಚ್ಚು ಹಾಕಿಸ್ತೀರಾ?" ಎಂದಳು.

ಹಿಂಬದಿಯಲ್ಲಿ '1973, ಕ್ರಿಸ್ಮಸ್' ಎಂದು ಬರೆದಿತ್ತು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಆಗಿನ್ನೂ ಎರಡು ತಿಂಗಳು ತುಂಬಿರಲಿಲ್ಲ. ನರಸೀಪುರದ ಕಡೆಯ ಹಳ್ಳಿಯ ಮನೆ. ಬಾಗಿಲ ಮುಂದೆ ನಕ್ಷತ್ರದ ರಂಗೋಲಿ, ಎರಡು ಕಡೆಯೂ ಬಾಳೆಯ ಕಂದು, ಜಗಲಿಯ ಕೆಳಗೆ ತಲೆತುಂಬ ಹೂ ಮುಡಿದ ಹೊಸ ಸೊಸೆ. ಆಕೆಯೇ ಈ ಅಜ್ಜಿ. ಗೋಡೆಗೆ ಒರಗಿಸಿದ ಎರಡು ಚಂದ್ರಿಕೆಗಳು.

ಈ ಚಿತ್ರವನ್ನೇ ನಾವು ಒಂಬತ್ತನೆಯ ತರಗತಿಗೆ ಪಾಠವಾಗಿ ಇಟ್ಟೆವು. ಆ ಕಾಲದ ಸಾಮಾನ್ಯ ಪೆಟ್ಟಿಗೆ ಕ್ಯಾಮರಾಕ್ಕೆ ಮನೆಯೊಳಗಿನ ಮಬ್ಬು ಬೆಳಕು ಸಾಲುತ್ತಿರಲಿಲ್ಲ. ಮನೆಯವರೆಲ್ಲ ಬಿಸಿಲಿಗೆ ಬರಬೇಕಾಗಿತ್ತು. ಸುರುಳಿಯೊಂದಕ್ಕೆ 12 ಚಿತ್ರಗಳಷ್ಟೆ. ತೆಗೆಯುವವನ ಕಣ್ಣೆಲ್ಲ ಮುಖಗಳ ಮೇಲೆ. ಆದುದರಿಂದ ಜಗಲಿಯೂ ಗೋಡೆಯೂ ಚಂದ್ರಿಕೆಯೂ ಯಾರೂ ಕರೆಯದೆ ತಾವಾಗಿ ಒಳಗೆ ಬಂದು ನಿಂತವು. ಪರದೆಯ ಮುಂದೆ ನಾವು ಏನಾಗಬೇಕೆಂದಿದ್ದೆವೋ ಅದು ಕಾಣುತ್ತದೆ. ಬಿಸಿಲಲ್ಲಿ ನಾವು ಎಲ್ಲಿದ್ದೆವೆಂಬುದು ಕಾಣುತ್ತದೆ.

ಹಣ್ಣಾದ ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿಯೇ ಚಂದ್ರಿಕೆ; ಅದರ ಮೇಲೆ ಬಿದಿರಪಟ್ಟಿ ಸುರುಳಿಸುರುಳಿಯಾಗಿ ಸುತ್ತಿರುತ್ತದೆ. ಅದೊಂದನ್ನು ಕಂಡರೆ ಸಾಕು, ಹಿಪ್ಪುನೇರಳೆಯ ತೋಟವೂ, ನರಸೀಪುರದಲ್ಲಿ ಗೂಡಿನಿಂದ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆಯೂ, 1912ರಲ್ಲಿ ಮೈಸೂರಿನಲ್ಲಿ ತೆರೆದ ರೇಷ್ಮೆ ನೇಯ್ಗೆಯ ಕಾರ್ಖಾನೆಯೂ ನೆನಪಿಗೆ ಬರುತ್ತವೆ. ಚಿತ್ರದ ಸೊಸೆ ಉಟ್ಟಿರುವುದು ಮಾತ್ರ ನೂಲಿನ ಸೀರೆ. ಇದನ್ನು ಹುಡುಗಿಯರೇ ಮೊದಲು ಕಂಡು ಹೇಳಿದರು.

ಉಡುವ ಬಗೆಯೂ ಊರನ್ನು ಹೇಳುತ್ತದೆ. ಕೊಡಗಿನವರ ಚಿತ್ರವಾಗಿದ್ದರೆ ನೆರಿಗೆ ಬೆನ್ನ ಕಡೆ ಇರುತ್ತಿತ್ತು; ಧಾರವಾಡದ ಕಡೆಯದಾಗಿದ್ದರೆ ಸೆರಗು ತಲೆಯ ಮೇಲೆ ಇದ್ದೀತು. ಆದರೆ ಊಹೆಗೂ ಒಂದು ಮಿತಿ ಬೇಕು. ನಂಜನಗೂಡಿನ ಹುಡುಗಿಯೊಬ್ಬಳು ಬಾಗಿಲಿನ ಬಾಳೆ ರಸಬಾಳೆಯೇ ಎಂದು ಹಟಹಿಡಿದಳು. ಪನಾಮಾ ಸೊರಗು ರೋಗ ತಗುಲಿ ಆ ತೋಟಗಳು ಬಹಳ ಕಡಮೆಯಾಗಿರುವುದರಿಂದ ಆಕೆಗೆ ಆ ಹೆಸರಿನ ಮೇಲೆ ಪ್ರೀತಿ ಹೆಚ್ಚು. ಕಪ್ಪುಬಿಳುಪಿನ ಕಂದನ್ನು ನೋಡಿ ಜಾತಿಯನ್ನು ಹೇಳಲಾಗದೆಂದು ತಿಳಿಸಬೇಕಾಯಿತು. ಆಕೆಯೇ ತಂದ ಚಿತ್ರದಲ್ಲಿ, ನೀರಾಟವಾಡುವ ಮಕ್ಕಳ ಹಿಂದೆ ಕಪಿಲೆಯ ಹಳೆಯ ಸೇತುವೆಯ ಕಮಾನುಗಳಿದ್ದವು. ರೈಲೂ ಗಾಡಿಯೂ ಒಟ್ಟಿಗೆ ಸಾಗುತ್ತಿದ್ದ ಸೇತುವೆ ಅದು. ಅದಕ್ಕೆ ಊಹೆಯೇ ಬೇಡ.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಹಿಂದಿನ ಸಂಚಿಕೆಯೊಂದಕ್ಕೆ ಚಿತ್ರಗಳನ್ನು ಅಣಿಮಾಡುವಾಗ, ಅಂದಗಾಣಲೆಂದು ನಾವೇ ಕತ್ತರಿ ಹಿಡಿದು ಅಂಚುಗಳನ್ನು ಕತ್ತರಿಸಿದ್ದೆವು. ಒರಳುಕಲ್ಲು, ಹುಲ್ಲಿನ ಮೆದೆ, ಇಣುಕಿ ನೋಡುತ್ತಿದ್ದ ಯಾರೋ ಒಬ್ಬರು, ಎಲ್ಲವೂ ಕಸದ ಬುಟ್ಟಿಗೆ ಹೋದವು. ಮುಖಗಳು ಉಳಿದವು, ಅವು ಯಾವ ಊರಿನ ಮುಖಗಳೆಂದು ಈಗ ಹೇಳಬಲ್ಲವರಿಲ್ಲ.

ಆದುದರಿಂದ ಈ ಚಿತ್ರವನ್ನು ಇಡಿಯಾಗಿಯೇ ಅಚ್ಚು ಹಾಕಿಸಿದ್ದೇವೆ. ಬಲದಂಚಿನಲ್ಲಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ಅರ್ಧ ಮಾತ್ರ ಕಾಣುತ್ತಾಳೆ. ಆಕೆ ಯಾರೆಂದು ತರಗತಿಯಲ್ಲಿ ಕೇಳಿದಾಗ ಹುಡುಗಿಗೆ ತಿಳಿದಿರಲಿಲ್ಲ. ಅಂದು ಸಂಜೆ ಅಜ್ಜಿಯ ಬಳಿ ಕುಳಿತು ಕೇಳಿದಳಂತೆ. ಪಕ್ಕದ ಮನೆಯವಳು, ಹುಳುವಿಗೆ ಸೊಪ್ಪು ತಂದವಳು ಚಿತ್ರ ತೆಗೆಯುವುದನ್ನು ಕಂಡು ನಾಚಿ ಸರಿದಳಂತೆ. ಮರುದಿನ ಚಿತ್ರದ ಹಿಂಬದಿಯಲ್ಲಿ, 'ಕ್ರಿಸ್ಮಸ್' ಎಂಬುದರ ಕೆಳಗೆ, ಪೆನ್ಸಿಲಿನಲ್ಲಿ ಇನ್ನೊಂದು ಹೆಸರು ಇತ್ತು.