ಅಮೆರಿಕದ ವಲಸೆ, ಸರ್ಕಾರಿ ನೌಕರಿ ನೀತಿಗಳ ವಿರುದ್ಧದ ದಾವೆ: ನೆರವಾಗುವುದು ಹೇಗೆ?

ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಎರಡನೇ ಬಾರಿ ಅಧಿಕಾರ ವಹಿಸಿಕೊಂಡ ದಿನವೇ, ಅಂದರೆ 2025ರ ಜನವರಿ 20ರಂದು, ಸಹಿ ಹಾಕಿದ ಆದೇಶಗಳಲ್ಲಿ ಎರಡು ತಡವಿಲ್ಲದೆ ನ್ಯಾಯಾಲಯದ ಮೆಟ್ಟಿಲೇರಿದವು. ಒಂದು ಜನ್ಮಸಿದ್ಧ ಪೌರತ್ವಕ್ಕೆ ಸಂಬಂಧಿಸಿದ್ದು: ತಾಯಿ ತಾತ್ಕಾಲಿಕ ವೀಸಾದ ಮೇಲೆ ಅಥವಾ ಅನುಮತಿಯಿಲ್ಲದೆ ಅಲ್ಲಿದ್ದು, ತಂದೆಗೆ ಅಮೆರಿಕದ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದಿದ್ದರೆ, ಅಲ್ಲೇ ಹುಟ್ಟಿದ ಮಗುವಿಗೂ ಪೌರತ್ವವಿಲ್ಲ ಎನ್ನುವ ಈ ಆದೇಶದ ವ್ಯಾಪ್ತಿಗೆ ಎಚ್-1ಬಿ ವೀಸಾದ ಮೇಲಿರುವ ಕನ್ನಡಿಗ ದಂಪತಿಗಳೂ ಬರುತ್ತಾರೆ. ಇನ್ನೊಂದು, 2020ರಲ್ಲಿ ತಂದು 2021ರಲ್ಲಿ ರದ್ದಾಗಿದ್ದ 'ಷೆಡ್ಯೂಲ್ ಎಫ್' ಎಂಬ ನೌಕರವರ್ಗವನ್ನು ಮರಳಿ ಸ್ಥಾಪಿಸಿದ್ದು. ನೀತಿ ನಿರೂಪಣೆಗೆ ಸಂಬಂಧಿಸಿದ ಹುದ್ದೆಗಳಲ್ಲಿರುವ ಕಾಯಂ ನೌಕರರನ್ನು ಸುಲಭವಾಗಿ ವಜಾ ಮಾಡಲು ಅವಕಾಶ ಕೊಡುವ ಈ ವ್ಯವಸ್ಥೆ, ಸರ್ಕಾರದ ಅಂದಾಜಿನಂತೆಯೇ, ಸುಮಾರು 50,000 ಹುದ್ದೆಗಳನ್ನು ಒಳಗೊಳ್ಳುತ್ತದೆ.

ವಲಸೆ ಮತ್ತು ನೌಕರಿ ಬೇರೆ ಬೇರೆ ವಿಷಯಗಳಾಗಿ ಕಂಡರೂ ನ್ಯಾಯಾಲಯದ ಮುಂದೆ ಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಕಾರ್ಯಾಂಗವು ಸಂವಿಧಾನ ಮತ್ತು ಶಾಸನಗಳ ಎಲ್ಲೆಯೊಳಗೆ, ಅವು ವಿಧಿಸಿದ ಕ್ರಮವನ್ನು ಅನುಸರಿಸಿ ನಡೆದುಕೊಂಡಿದೆಯೇ? ಇಂಥ ಬಹುತೇಕ ದಾವೆಗಳಿಗೆ ಆಧಾರವಾದ 1946ರ ಆಡಳಿತ ಕಾರ್ಯವಿಧಾನ ಕಾಯ್ದೆಯು, ಸಕಾರಣವಿಲ್ಲದೆ ಮನಸೋಇಚ್ಛೆ ಕೈಗೊಂಡ ನಿರ್ಧಾರಗಳನ್ನು ರದ್ದುಪಡಿಸುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಡುತ್ತದೆ. ಇಲ್ಲಿ ಸಹಿ ಸಂಗ್ರಹಕ್ಕೆ, ಪ್ರತಿಭಟನೆಯ ಗಾತ್ರಕ್ಕೆ ತೂಕವಿಲ್ಲ. ವಾಯಿದೆಯೊಳಗೆ ಸಲ್ಲಿಕೆಯಾದ, ಪ್ರಮಾಣಪೂರ್ವಕವಾಗಿ ಹೇಳಿದ ಸಂಗತಿಗಳಿಗೆ ಮಾತ್ರ ತೂಕ. ದಾವೆಗೆ ನೆರವಾಗಬಯಸುವವರು, ಅವರು ಅಮೆರಿಕದಲ್ಲಿರಲಿ, ಮಗನೋ ಮಗಳೋ ಅಲ್ಲಿರುವ ಕಾರಣಕ್ಕೆ ಬೆಂಗಳೂರು, ಮೈಸೂರುಗಳಿಂದ ಕಾಳಜಿ ವಹಿಸುವ ಹೆತ್ತವರಾಗಿರಲಿ, ಈ ವ್ಯತ್ಯಾಸವನ್ನು ಮೊದಲು ಮನಗಾಣಬೇಕು.

ಮೊದಲ ಹಂತ: ಪ್ರಕರಣ ಎಲ್ಲಿದೆ ಎಂದು ತಿಳಿಯುವುದು

ಒಂದೇ ಆದೇಶದ ವಿರುದ್ಧ ಹಲವು ರಾಜ್ಯಗಳಲ್ಲಿರುವ ಒಕ್ಕೂಟ (ಫೆಡರಲ್) ಜಿಲ್ಲಾ ನ್ಯಾಯಾಲಯಗಳಲ್ಲಿ ಪ್ರತ್ಯೇಕ ದಾವೆಗಳು ದಾಖಲಾಗಿರುವುದು ಸಾಮಾನ್ಯವಾದ್ದರಿಂದ, ಸುದ್ದಿಯಲ್ಲಿ ಓದಿದ ಪ್ರಕರಣ ಯಾವುದು, ಅದು ಜಿಲ್ಲಾ ನ್ಯಾಯಾಲಯದಲ್ಲಿದೆಯೇ, ಮೇಲ್ಮನವಿಯ ಹಂತದಲ್ಲಿದೆಯೇ, ಸುಪ್ರೀಂ ಕೋರ್ಟ್ ತಲುಪಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳದೆ ಮುಂದುವರಿಯುವುದು ವ್ಯರ್ಥ. ಒಕ್ಕೂಟ ನ್ಯಾಯಾಲಯಗಳ ದಾಖಲೆಗಳು 'ಪೇಸರ್' ಎಂಬ ಅಧಿಕೃತ ಜಾಲತಾಣದಲ್ಲಿ ದೊರೆಯುತ್ತವೆ. ಪುಟಕ್ಕೆ 10 ಸೆಂಟ್‌ನಂತೆ, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್ ಶುಲ್ಕವಿದ್ದು, ಮೂರು ತಿಂಗಳಲ್ಲಿ ಬಿಲ್ 30 ಡಾಲರ್ ಮೀರದಿದ್ದರೆ ಅದನ್ನು ಮನ್ನಾ ಮಾಡಲಾಗುತ್ತದೆ. ಇತರರು ಪಡೆದ ದಾಖಲೆಗಳನ್ನು ಉಚಿತವಾಗಿ ಒದಗಿಸುವ 'ಕೋರ್ಟ್‌ಲಿಸನರ್' ತಾಣವೂ ಇದೆ. ಮೂಲ ದಾವಾಪತ್ರ, ತಡೆಯಾಜ್ಞೆ ಕೋರಿದ ಅರ್ಜಿ ಮತ್ತು ಮುಂದಿನ ದಿನಾಂಕಗಳ ಪಟ್ಟಿ, ಈ ಮೂರನ್ನು ಓದಿದರೆ ದಾವೆಗೆ ಏನು ಬೇಕಾಗಿದೆ ಎಂಬುದರ ಸುಳಿವು ಸಿಗುತ್ತದೆ.

ಎರಡನೇ ಹಂತ: ದಾವೆ ಹೂಡುವ ಅರ್ಹತೆಯನ್ನು ಅರಿಯುವುದು

ಭಾರತದ ಓದುಗರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಭಾರತದಲ್ಲಿ 1980ರ ದಶಕದಿಂದ ಬೆಳೆದುಬಂದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಪರಂಪರೆಯಲ್ಲಿ, ನೇರವಾಗಿ ನೊಂದಿರದ ವ್ಯಕ್ತಿಯೂ ಇತರರ ಪರವಾಗಿ ಹೈಕೋರ್ಟಿನ ಬಾಗಿಲು ತಟ್ಟಬಹುದು. ಅಮೆರಿಕದ ಒಕ್ಕೂಟ ನ್ಯಾಯಾಲಯಗಳಲ್ಲಿ ಅದಕ್ಕೆ ಎಡೆಯಿಲ್ಲ. ವಾದಿಗೆ ನಿರ್ದಿಷ್ಟ ಹಾನಿಯಾಗಿರಬೇಕು ಅಥವಾ ಸನ್ನಿಹಿತವಾಗಿರಬೇಕು, ಆ ಹಾನಿಗೆ ಪ್ರಶ್ನಿತ ನೀತಿಯೇ ಕಾರಣವಾಗಿರಬೇಕು, ನ್ಯಾಯಾಲಯದ ಆದೇಶದಿಂದ ಅದು ಪರಿಹಾರವಾಗುವಂತಿರಬೇಕು; ಈ ಮೂರೂ ಕೂಡಿದರೆ ಮಾತ್ರ ದಾವೆ ಹೂಡುವ ಅರ್ಹತೆ, ವಕೀಲರ ಮಾತಿನಲ್ಲಿ ಲೋಕಸ್ ಸ್ಟ್ಯಾಂಡಿ, ಒದಗುತ್ತದೆ.

ಇದು ಕೇವಲ ತಾಂತ್ರಿಕ ಅಂಶವಲ್ಲ. ಪ್ರೊಬೇಷನ್ ಅವಧಿಯಲ್ಲಿದ್ದ ಸಾವಿರಾರು ಒಕ್ಕೂಟ ನೌಕರರನ್ನು 2025ರ ಆರಂಭದಲ್ಲಿ ವಜಾ ಮಾಡಿದಾಗ, ಅವರನ್ನು ಮರಳಿ ಸೇರಿಸಿಕೊಳ್ಳುವಂತೆ ಕ್ಯಾಲಿಫೋರ್ನಿಯಾದ ಜಿಲ್ಲಾ ನ್ಯಾಯಾಧೀಶರು ಮಾರ್ಚ್‌ನಲ್ಲಿ ಆರು ಇಲಾಖೆಗಳಿಗೆ ಆದೇಶಿಸಿದರು. ಆ ಆದೇಶವು ನೌಕರರ ಗೈರಿನಿಂದ ಸೇವೆ ಕಳೆದುಕೊಂಡೆವೆಂದು ಹೇಳಿದ ಲಾಭರಹಿತ ಸಂಸ್ಥೆಗಳ ಹಾನಿಯನ್ನು ಆಧರಿಸಿತ್ತು. ಆ ಸಂಸ್ಥೆಗಳು ತೋರಿಸಿದ ಹಾನಿ ಅರ್ಹತೆಗೆ ಸಾಲದು ಎಂಬ ಕಾರಣದಿಂದ ಸುಪ್ರೀಂ ಕೋರ್ಟ್ ಏಪ್ರಿಲ್ 8ರಂದು ಅದಕ್ಕೆ ತಡೆ ನೀಡಿತು. ವಜಾ ಸರಿಯೋ ತಪ್ಪೋ ಎಂಬ ಪ್ರಶ್ನೆಯನ್ನು ಅದು ಮುಟ್ಟಲೇ ಇಲ್ಲ.

ಅದೇ ವರ್ಷ ಜೂನ್ 27ರಂದು, ಜನ್ಮಸಿದ್ಧ ಪೌರತ್ವದ ಆದೇಶದಿಂದ ಹುಟ್ಟಿದ 'ಟ್ರಂಪ್ ವಿರುದ್ಧ ಕಾಸಾ' ಪ್ರಕರಣದಲ್ಲಿ, ಜಿಲ್ಲಾ ನ್ಯಾಯಾಧೀಶರು ದೇಶದ ಎಲ್ಲರಿಗೂ ಅನ್ವಯವಾಗುವ ತಡೆಯಾಜ್ಞೆ ಹೊರಡಿಸುವಂತಿಲ್ಲ, ವಾದಿಗಳಿಗೆ ಪೂರ್ಣ ಪರಿಹಾರ ಸಿಗಲು ಬೇಕಾದಷ್ಟಕ್ಕೇ ಅದು ಸೀಮಿತವಾಗಬೇಕು ಎಂದು ಸುಪ್ರೀಂ ಕೋರ್ಟ್ 6–3 ಬಹುಮತದಲ್ಲಿ ಹೇಳಿತು. ಎರಡು ವಾರ ಕಳೆಯುವುದರೊಳಗೆ, ಜುಲೈ 10ರಂದು, ನ್ಯೂ ಹ್ಯಾಂಪ್‌ಷೈರ್‌ನ ನ್ಯಾಯಾಧೀಶರು ಸಾಮೂಹಿಕ ದಾವೆಯ ರೂಪದಲ್ಲಿ, ಅಂದರೆ ಒಂದೇ ಸ್ಥಿತಿಯಲ್ಲಿರುವ ಎಲ್ಲರನ್ನೂ ಒಂದು ವರ್ಗವೆಂದು ತಾತ್ಕಾಲಿಕವಾಗಿ ಪರಿಗಣಿಸಿ, ಆದೇಶವನ್ನು ತಡೆದರು. ಆ ಪ್ರಕರಣವನ್ನು ಆಲಿಸಲು ಸುಪ್ರೀಂ ಕೋರ್ಟ್ ಡಿಸೆಂಬರ್‌ನಲ್ಲಿ ಒಪ್ಪಿತು. ಸಾಮಾನ್ಯ ಕುಟುಂಬವೊಂದಕ್ಕೆ ಇದರಿಂದ ಹೊರಡುವ ಪಾಠ ಸ್ಪಷ್ಟವಾಗಿದೆ. ದಾವೆ ಹೂಡಿರುವ ನೌಕರರ ಸಂಘದ, ವೃತ್ತಿ ಸಂಘದ ಅಥವಾ ವಲಸಿಗರ ಸಂಸ್ಥೆಯ ಸದಸ್ಯತ್ವ ಪಡೆಯುವುದು ಈಗ ಬರಿಯ ಬೆಂಬಲದ ಸಂಕೇತವಾಗಿ ಉಳಿದಿಲ್ಲ, ಏಕೆಂದರೆ ಸಂಸ್ಥೆಯು ಹಾನಿಗೊಳಗಾದ ಸದಸ್ಯರ ಪರವಾಗಿ ದಾವೆ ಹೂಡಬಲ್ಲದು ಮತ್ತು ತಡೆಯಾಜ್ಞೆಯ ರಕ್ಷಣೆ ಆ ಸದಸ್ಯರವರೆಗೆ ಮಾತ್ರ ತಲುಪುವ ಸಂದರ್ಭಗಳೂ ಇರುತ್ತವೆ.

ಮೂರನೇ ಹಂತ: ಪ್ರಮಾಣಪೂರ್ವಕ ಹೇಳಿಕೆ ನೀಡುವುದು

ಸಾಮಾನ್ಯರು ಕೊಡಬಹುದಾದ ನೆರವುಗಳಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿಲ್ಲ. ತಡೆಯಾಜ್ಞೆಯ ಅರ್ಜಿಗಳು ಬಹಳಷ್ಟು ಬಾರಿ ಸಾಕ್ಷಿಗಳ ಮೌಖಿಕ ವಿಚಾರಣೆಯಿಲ್ಲದೆ, ಲಿಖಿತ ಹೇಳಿಕೆಗಳ ಮೇಲೆಯೇ ತೀರ್ಮಾನವಾಗುತ್ತವೆ. ಬಾಲ್ಯದಲ್ಲಿ ಅಮೆರಿಕಕ್ಕೆ ಬಂದು ದಾಖಲೆಯಿಲ್ಲದೆ ಉಳಿದವರಿಗೆ 2012ರಿಂದ ರಕ್ಷಣೆ ನೀಡುತ್ತಿದ್ದ 'ಡಾಕಾ' ಯೋಜನೆಯನ್ನು ರದ್ದುಪಡಿಸಿದ ಕ್ರಮವನ್ನು ಸುಪ್ರೀಂ ಕೋರ್ಟ್ 2020ರ ಜೂನ್ 18ರಂದು 5–4 ಬಹುಮತದಲ್ಲಿ ತಳ್ಳಿಹಾಕಿದಾಗ ಕೊಟ್ಟ ಕಾರಣಗಳಲ್ಲಿ ಒಂದು, ಯೋಜನೆಯನ್ನು ನಂಬಿ ಓದು, ಉದ್ಯೋಗ, ಸಂಸಾರ ಕಟ್ಟಿಕೊಂಡವರ ಸ್ಥಿತಿಯನ್ನು ಸರ್ಕಾರ ಪರಿಗಣಿಸಲೇ ಇಲ್ಲ ಎಂಬುದು. ಅಂಥ ಸ್ಥಿತಿಯನ್ನು ನ್ಯಾಯಾಲಯದ ಕಡತಕ್ಕೆ ತಲುಪಿಸುವುದು ಇಂಥ ಹೇಳಿಕೆಗಳೇ.

ಹೇಳಿಕೆಯಲ್ಲಿ ನೀಡುವವರು ಸ್ವತಃ ಕಂಡು ತಿಳಿದ ಸಂಗತಿಗಳಷ್ಟೇ ಇರಬೇಕು. ನೀತಿ ಅನ್ಯಾಯದ್ದು ಎಂಬ ಅಭಿಪ್ರಾಯಕ್ಕಿಂತ, ವೀಸಾ ಸಿಕ್ಕ ದಿನಾಂಕ, ಗ್ರೀನ್ ಕಾರ್ಡ್ ಅರ್ಜಿ ಸಲ್ಲಿಸಿದ ವರ್ಷ, ಮನೆಸಾಲದ ಕಂತು, ಹೆರಿಗೆಗೆ ವೈದ್ಯರು ಕೊಟ್ಟ ದಿನ, ಕೈತಪ್ಪಿದ ಕೆಲಸದ ಸಂಬಳ, ಇವುಗಳ ಮಾತು ನ್ಯಾಯಾಧೀಶರಿಗೆ ಬೇಕು. ಪ್ರತಿಯೊಂದಕ್ಕೂ ಪೂರಕ ಕಾಗದವಿದ್ದರೆ ಮತ್ತೂ ಒಳ್ಳೆಯದು. ಕರ್ನಾಟಕದ ಕಚೇರಿಗಳ ರೂಢಿಗೆ ಹೊಂದಿಕೊಂಡವರಿಗೆ ಅಚ್ಚರಿಯೆನಿಸಬಹುದಾದರೂ, ಇದಕ್ಕೆ ಛಾಪಾ ಕಾಗದವೂ ಬೇಡ, ನೋಟರಿಯ ಮೊಹರೂ ಬೇಡ. ಹೇಳಿದ್ದು ಸುಳ್ಳಾದರೆ ಸುಳ್ಳುಸಾಕ್ಷ್ಯದ ಶಿಕ್ಷೆಗೆ ಬದ್ಧ ಎಂಬ ಒಕ್ಕಣೆ, ದಿನಾಂಕ ಮತ್ತು ಸಹಿ ಇದ್ದರೆ ಒಕ್ಕೂಟ ಕಾನೂನಿನ ದೃಷ್ಟಿಯಲ್ಲಿ ಅದು ಅಫಿಡವಿಟ್‌ಗೆ ಸಮ. ಅಮೆರಿಕದ ಹೊರಗಿನಿಂದ ಸಹಿ ಹಾಕುವವರು ಮಾತ್ರ ಆ ಒಕ್ಕಣೆಯಲ್ಲಿ 'ಅಮೆರಿಕ ಸಂಯುಕ್ತ ಸಂಸ್ಥಾನದ ಕಾನೂನುಗಳ ಅಡಿಯಲ್ಲಿ' ಎಂಬ ಅರ್ಥದ ಮಾತನ್ನು ಸೇರಿಸಬೇಕು. ವೀಸಾ ಸ್ಟಾಂಪಿಂಗ್‌ಗೆಂದು ಊರಿಗೆ ಬಂದು ಸಿಕ್ಕಿಹಾಕಿಕೊಂಡವರಿಗೆ ಈ ಒಂದು ಸಾಲು ಮುಖ್ಯ.

ಎಚ್ಚರಿಕೆಯ ಮಾತೂ ಇಲ್ಲಿಯೇ ಬರಬೇಕು. ನ್ಯಾಯಾಲಯಕ್ಕೆ ಸಲ್ಲಿಸಿದ್ದು ಸಾಮಾನ್ಯವಾಗಿ ಸಾರ್ವಜನಿಕ ದಾಖಲೆಯಾಗುತ್ತದೆ ಮತ್ತು ಎದುರಾಳಿ ಪಕ್ಷ, ಅಂದರೆ ಸರ್ಕಾರವೇ, ಅದನ್ನು ಓದುತ್ತದೆ. ಕಲ್ಪಿತ ಹೆಸರಿನಲ್ಲಿ ಮುಂದುವರಿಯಲು ನ್ಯಾಯಾಲಯ ಅನುಮತಿ ಕೊಡುವುದುಂಟು, ಆದರೆ ಅದು ಹಕ್ಕಲ್ಲ. ವಾದಿಗಳ ಪರ ವಕೀಲರು ಹೇಳಿಕೆ ನೀಡಿದವರ ಸ್ವಂತ ವಕೀಲರೂ ಆಗಿರುತ್ತಾರೆಂದು ಭಾವಿಸಬಾರದು. ವೀಸಾ ಸ್ಥಿತಿಯಲ್ಲಿ ಸಣ್ಣ ತೊಡಕಿದ್ದರೂ ಸಹಿಗೆ ಮುನ್ನ ಬೇರೊಬ್ಬ ವಲಸೆ ವಕೀಲರ ಸಲಹೆ ಪಡೆಯುವುದು ಕ್ಷೇಮ.

ನಾಲ್ಕನೇ ಹಂತ: ಅಮಿಕಸ್ ಮನವಿಯಲ್ಲಿ ಸೇರುವುದು

ಪಕ್ಷಕಾರರಲ್ಲದವರು ನ್ಯಾಯಾಲಯಕ್ಕೆ ಉಪಯುಕ್ತ ಮಾಹಿತಿ ನೀಡಲು ಸಲ್ಲಿಸುವ ಲಿಖಿತ ವಾದವೇ ಅಮಿಕಸ್ ಕ್ಯೂರಿ ಮನವಿ. ಭಾರತದಲ್ಲಿ ಅಮಿಕಸ್ ಎಂದರೆ ಹೆಚ್ಚಾಗಿ ನ್ಯಾಯಾಲಯವೇ ನೇಮಿಸಿದ ವಕೀಲರಾದರೆ, ಅಮೆರಿಕದಲ್ಲಿ ಸಂಸ್ಥೆಗಳು, ವಿಶ್ವವಿದ್ಯಾಲಯಗಳು, ಕಂಪನಿಗಳು ತಾವಾಗಿಯೇ ಮುಂದೆ ಬರುತ್ತವೆ. ಅಲ್ಲಿನ ಕನ್ನಡ ಕೂಟಗಳಲ್ಲಿ ಹಲವು ಲಾಭರಹಿತ ಸಂಸ್ಥೆಗಳಾಗಿರುವುದರಿಂದ, ಆಡಳಿತ ಮಂಡಳಿ ಒಪ್ಪಿದರೆ ಇಂಥ ಮನವಿಗೆ ಅವೂ ಹೆಸರು ಸೇರಿಸಬಹುದು. ರಾಜ್ಯೋತ್ಸವ, ಯುಗಾದಿಗಳಿಗೆ ಸೀಮಿತವಾದ ಕೂಟಗಳು ಈ ದಿಕ್ಕಿನಲ್ಲಿ ಯೋಚಿಸಿದರೆ ತಪ್ಪೇನಿಲ್ಲ.

ಸಮಯದ ಲೆಕ್ಕ ಕಟ್ಟುನಿಟ್ಟಾದದ್ದು. ತಾನು ಬೆಂಬಲಿಸುವ ಪಕ್ಷದ ಮುಖ್ಯ ವಾದಪತ್ರ ಸಲ್ಲಿಕೆಯಾದ 7 ದಿನಗಳೊಳಗೆ ಅಮಿಕಸ್ ಮನವಿ ಸಲ್ಲಬೇಕು ಎಂಬುದು ಮೇಲ್ಮನವಿ ನ್ಯಾಯಾಲಯಗಳಲ್ಲೂ, ಪೂರ್ಣ ವಿಚಾರಣೆಗೆ ತೆಗೆದುಕೊಂಡ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟಿನಲ್ಲೂ ಇರುವ ನಿಯಮವಾದ್ದರಿಂದ, ಕರಡಿನ ಕೆಲಸ ವಾರಗಳ ಮುಂಚೆಯೇ ನಡೆದಿರಬೇಕು. ಮೇಲ್ಮನವಿ ನ್ಯಾಯಾಲಯದಲ್ಲಿ ಪಕ್ಷಕಾರರ ಒಪ್ಪಿಗೆ ಅಥವಾ ನ್ಯಾಯಾಲಯದ ಅನುಮತಿ ಬೇಕು. ಸುಪ್ರೀಂ ಕೋರ್ಟ್ 2023ರಿಂದ ಆ ಷರತ್ತನ್ನು ಕೈಬಿಟ್ಟಿದೆ, ಆದರೆ ಅದರ ವಕೀಲರ ಪಟ್ಟಿಯಲ್ಲಿರುವವರೇ ಸಲ್ಲಿಸಬೇಕು. ಮನವಿಯ ತಯಾರಿಗೆ ಹಣ ಕೊಟ್ಟವರು ಯಾರು, ಪಕ್ಷಕಾರರ ವಕೀಲರು ಅದನ್ನು ಬರೆದುಕೊಟ್ಟರೇ ಎಂಬುದನ್ನು ಬಹಿರಂಗಪಡಿಸಬೇಕಾಗುತ್ತದೆ. ಪಕ್ಷಕಾರರು ಹೇಳಿದ್ದನ್ನೇ ಮತ್ತೆ ಹೇಳುವ ಮನವಿ ನ್ಯಾಯಾಲಯಕ್ಕೆ ಹೊರೆ ಎಂದು ಸುಪ್ರೀಂ ಕೋರ್ಟಿನ ನಿಯಮದಲ್ಲೇ ಬರೆದಿದೆ. ಹೆಸರುಗಳ ಉದ್ದ ಪಟ್ಟಿಗಿಂತ, ಬೇರೆಯವರ ಬಳಿ ಇಲ್ಲದ ಮಾಹಿತಿಯ ಎರಡು ಪುಟ ಹೆಚ್ಚು ಕೆಲಸ ಮಾಡುತ್ತದೆ.

ಐದನೇ ಹಂತ: ನಿಯಮವಾಗುವ ಮುನ್ನವೇ ಆಕ್ಷೇಪಣೆ ದಾಖಲಿಸುವುದು

ಇಲಾಖೆಗಳು ಕರಡು ನಿಯಮವನ್ನು 'ಫೆಡರಲ್ ರಿಜಿಸ್ಟರ್' ಎಂಬ ರಾಜ್ಯಪತ್ರದಲ್ಲಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತವೆ. ಯಾವ ದೇಶದ ಪ್ರಜೆಯಾದರೂ ಸರ್ಕಾರದ ಜಾಲತಾಣದಲ್ಲಿ ಆಕ್ಷೇಪಣೆ ಸಲ್ಲಿಸಬಹುದು. ಮಹತ್ವದ ಆಕ್ಷೇಪಣೆಗಳಿಗೆ ಇಲಾಖೆ ಉತ್ತರಿಸಲೇಬೇಕಾದ್ದರಿಂದ, ಉತ್ತರಿಸದ ಪ್ರಶ್ನೆಯೇ ಮುಂದೆ ದಾವೆಯ ಆಯುಧವಾಗುತ್ತದೆ. ನಕಲು ಮಾಡಿ ಅಂಟಿಸಿದ ಒಂದೇ ಒಕ್ಕಣೆಯ ಸಾವಿರ ಪತ್ರಗಳಿಂದ ಆ ಪ್ರಯೋಜನ ಸಿಗದು. ಷೆಡ್ಯೂಲ್ ಎಫ್ ಹೊಸ ಹೆಸರಿನಲ್ಲಿ 2025ರ ಏಪ್ರಿಲ್‌ನಲ್ಲಿ ಕರಡಾಗಿ ಬಂದು 2026ರ ಫೆಬ್ರವರಿಯಲ್ಲಿ ಅಂತಿಮ ನಿಯಮವಾದದ್ದು ಈ ದಾರಿಯಲ್ಲಿಯೇ. ಆದರೆ ಅಧ್ಯಕ್ಷರ ಘೋಷಣೆಗಳಿಗೆ ಈ ಕಟ್ಟುಪಾಡು ಅನ್ವಯಿಸದು: ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ವಿಧಿಸಿದ 2025ರ ಸೆಪ್ಟೆಂಬರ್ 19ರ ಘೋಷಣೆಗೆ ಮುನ್ನ ಯಾರನ್ನೂ ಕೇಳಿರಲಿಲ್ಲ, ಮತ್ತು ಅದನ್ನು ಪ್ರಶ್ನಿಸಿದ ದಾವೆಗಳಲ್ಲಿ ಒಂದರಲ್ಲಿ ವಾಷಿಂಗ್ಟನ್‌ನ ಜಿಲ್ಲಾ ನ್ಯಾಯಾಧೀಶರು ಡಿಸೆಂಬರ್ 23ರಂದು ಸರ್ಕಾರದ ಪರವಾಗಿಯೇ ತೀರ್ಪಿತ್ತರು.

ನೌಕರರಿಗೆ ಪ್ರತ್ಯೇಕ ದಾರಿ

ಒಕ್ಕೂಟ ಸರ್ಕಾರದ ನೌಕರರು ವಜಾ, ಹಿಂಬಡ್ತಿಗಳನ್ನು ನೇರವಾಗಿ ನ್ಯಾಯಾಲಯಕ್ಕೆ ಒಯ್ಯುವಂತಿಲ್ಲ. 1978ರ ನಾಗರಿಕ ಸೇವಾ ಸುಧಾರಣಾ ಕಾಯ್ದೆಯಡಿ ರೂಪುಗೊಂಡ ಮೆರಿಟ್ ಸಿಸ್ಟಮ್ಸ್ ಪ್ರೊಟೆಕ್ಷನ್ ಬೋರ್ಡ್ ಎಂಬ ಮಂಡಳಿಗೆ, ಸಾಮಾನ್ಯವಾಗಿ 30 ದಿನಗಳೊಳಗೆ, ಮೊದಲು ಮೇಲ್ಮನವಿ ಸಲ್ಲಿಸಬೇಕು. ನಮ್ಮ ಆಡಳಿತ ನ್ಯಾಯಮಂಡಳಿಯನ್ನು ಬಲ್ಲವರಿಗೆ ಈ ಕ್ರಮ ಪರಿಚಿತ. ಷೆಡ್ಯೂಲ್ ಎಫ್‌ನ ನಿಜವಾದ ಪೆಟ್ಟು ಬೀಳುವುದೂ ಇಲ್ಲಿಯೇ, ಏಕೆಂದರೆ ಆ ವರ್ಗಕ್ಕೆ ಸೇರಿಸಿದ ಹುದ್ದೆಗಳಿಗೆ ಮಂಡಳಿಯ ಈ ಬಾಗಿಲು ಮುಚ್ಚುತ್ತದೆ. ಸೇವೆಯಲ್ಲಿರುವವರು ಸರ್ಕಾರದ ವಿರುದ್ಧ ಇತರರ ವಕೀಲರಾಗಿಯೋ ಪ್ರತಿನಿಧಿಯಾಗಿಯೋ ವರ್ತಿಸಲು ಕಾನೂನಿನ ನಿರ್ಬಂಧವಿದೆ, ಆದರೆ ಪ್ರಮಾಣಪೂರ್ವಕ ಸಾಕ್ಷ್ಯ ನುಡಿಯಲು ಅಡ್ಡಿಯಿಲ್ಲ. ಕಚೇರಿಯ ಕಂಪ್ಯೂಟರನ್ನೂ ಕಚೇರಿಯ ವೇಳೆಯನ್ನೂ ಇದಕ್ಕೆ ಬಳಸದಿರುವುದು ವಿವೇಕ.

ಹಣ ಮತ್ತು ತಾಳ್ಮೆ

ದಾವೆಗೆ ದೇಣಿಗೆ ಕೊಡಬಹುದೇ ಎಂಬ ಅಳುಕು ವೀಸಾದಾರರಲ್ಲಿದೆ. ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರು ಚುನಾವಣಾ ದೇಣಿಗೆ ಕೊಡುವಂತಿಲ್ಲ ಎಂಬುದು ನಿಜ. ದಾವೆ ನಡೆಸುವ ಧರ್ಮಾರ್ಥ ಸಂಸ್ಥೆಗೆ ಕೊಡುವ ದೇಣಿಗೆಗೆ ಆ ನಿಷೇಧ ಅನ್ವಯಿಸದು. ಸಂಸ್ಥೆಯ ತೆರಿಗೆ ನೋಂದಣಿಯನ್ನು ಪರಿಶೀಲಿಸಿ, ರಸೀದಿ ಪಡೆದು ಕೊಟ್ಟರೆ ಸಾಕು.

ಕಾಯಬೇಕಾದ ಅವಧಿಯ ಅಂದಾಜಿಗೆ ಎಚ್-4 ಪ್ರಕರಣವನ್ನು ನೋಡಬಹುದು. ಗ್ರೀನ್ ಕಾರ್ಡ್‌ಗಾಗಿ ಕಾಯುತ್ತಿರುವ ಎಚ್-1ಬಿ ನೌಕರರ ಸಂಗಾತಿಗಳಿಗೆ ದುಡಿಯಲು ಅನುಮತಿ ಕೊಟ್ಟ 2015ರ ನಿಯಮವನ್ನು 'ಸೇವ್ ಜಾಬ್ಸ್ ಯುಎಸ್‌ಎ' ಎಂಬ ಸ್ಥಳೀಯ ತಂತ್ರಜ್ಞರ ಸಂಘ ಅದೇ ವರ್ಷ ಪ್ರಶ್ನಿಸಿತು. ಇಲ್ಲಿ ವಲಸಿಗರು ನೀತಿಯನ್ನು ಉಳಿಸಿಕೊಳ್ಳುವ ಕಡೆಗಿದ್ದರು, ಆದರೂ ಉಭಯ ಪಕ್ಷಗಳ ಸಾಧನಗಳು ಇವೇ ಆಗಿದ್ದವು. ಟ್ರಂಪ್ ಅವರ ಮೊದಲ ಆಡಳಿತಾವಧಿಯಲ್ಲಿ ಸರ್ಕಾರವೇ ಈ ನಿಯಮವನ್ನು ಹಿಂಪಡೆಯಲು ಮುಂದಾದುದರಿಂದ, 'ಇಮಿಗ್ರೇಷನ್ ವಾಯ್ಸ್' ಎಂಬ ಸಂಸ್ಥೆಯು ಮಧ್ಯಪ್ರವೇಶದ ಅನುಮತಿ ಪಡೆದು, ಅಂದರೆ ತಾನೂ ಪಕ್ಷಕಾರನಾಗಿ ಸೇರಿ, ವಾದಿಸಿತು. ಗೂಗಲ್ ಮುಂತಾದ ಕಂಪನಿಗಳು ಅಮಿಕಸ್ ಮನವಿ ಸಲ್ಲಿಸಿದವು. ಮೇಲ್ಮನವಿ ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ ನಿಯಮವನ್ನು ಎತ್ತಿಹಿಡಿಯಿತು. ಅದನ್ನು ಮರುಪರಿಶೀಲಿಸಲು ಸುಪ್ರೀಂ ಕೋರ್ಟ್ ನಿರಾಕರಿಸಿದ್ದು 2025ರ ಅಕ್ಟೋಬರ್‌ನಲ್ಲಿ, ದಾವೆ ಹೂಡಿದ ಹತ್ತು ವರ್ಷಗಳ ಮೇಲೆ.