ಹುಲ್ಲುಹಾಸಿನ ಟೈಮರ್ ಕಬ್ಬಿನ ಗದ್ದೆಗೆ ಬಂದಾಗ

ಮನೆ ಮುಂದಿನ ಹುಲ್ಲುಹಾಸಿಗೆ ನೀರು ಹಾಯಿಸಲೆಂದು ಹುಟ್ಟಿದ ಟೈಮರ್ ಪೆಟ್ಟಿಗೆಯನ್ನೇ ತೋಟದ ಪಂಪ್‌ಸೆಟ್ ಮನೆಗೂ ಹಾಕಿಕೊಳ್ಳಬಹುದೇ? ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕಬ್ಬು, ಹಿಪ್ಪುನೇರಳೆ, ತೆಂಗಿಗೆ ಹನಿ ನೀರಾವರಿ ಮಾಡಿಕೊಂಡವರು ಕೇಳುವ ಪ್ರಶ್ನೆ ಇದು. ಆಸೆ ಸಹಜವೇ. ರಾತ್ರಿ ಪಾಳಿಯ ಕರೆಂಟು ಬಂದಾಗ ಟಾರ್ಚ್ ಹಿಡಿದು ಹೋಗಿ ಗೇಟ್‌ವಾಲ್ವ್ ತಿರುಗಿಸುವುದು ಯಾರಿಗೂ ಇಷ್ಟವಲ್ಲ. ಹಾವು ಚೇಳಿನ ಭಯ ಎಲ್ಲ ಕಡೆ ಇದೆ. ಮುತ್ತತ್ತಿಯ ಕಾಡಂಚಿನ ಹೊಲಗಳಲ್ಲಿ ಆನೆ, ಹಂದಿಗಳೂ ಇವೆ. ಆದರೆ ಹುಲ್ಲುಹಾಸಿನ ಪೆಟ್ಟಿಗೆ ಗಡಿಯಾರ ನೋಡಿಕೊಂಡು ಕೆಲಸ ಮಾಡುತ್ತದೆ. ನಮ್ಮದು ಕರೆಂಟು ನೋಡಿಕೊಂಡು ಮಾಡಬೇಕು. ಕೊಳ್ಳುವ ಮುನ್ನ ಇದೊಂದನ್ನು ಖಚಿತ ಮಾಡಿಕೊಂಡರೆ ಅರ್ಧ ತೊಂದರೆ ತಪ್ಪಿದಂತೆ.

ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ತ್ರಿಫೇಸ್ ಎಂಬುದು ಸರ್ಕಾರದ ಲೆಕ್ಕ. ಅದು ಒಂದೇ ಸಲ ಬರುವುದಿಲ್ಲ, ಪಾಳಿಯೂ ಬದಲಾಗುತ್ತದೆ, ನಡುವೆ ಟ್ರಿಪ್ಪೂ ಆಗುತ್ತದೆ. ಬೆಳಿಗ್ಗೆ ಆರಕ್ಕೆ ಶುರುವಾಗು ಎಂದು ಹೇಳಿಟ್ಟ ಪೆಟ್ಟಿಗೆ, ಆರಕ್ಕೆ ಕರೆಂಟು ಇಲ್ಲದಿದ್ದರೆ ಆ ದಿನದ ಸರದಿಯನ್ನೇ ಬಿಟ್ಟುಬಿಡಬಹುದು. ಆದ್ದರಿಂದ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಮೂರು ವಾಲ್ವ್‌ಗೆ ಹತ್ತತ್ತು ನಿಮಿಷ ಕೊಟ್ಟು ಓಡಿಸಿ. ಎರಡನೆಯದು ಓಡುತ್ತಿರುವಾಗ ಪ್ಲಗ್ ಕೀಳಿ, ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಎರಡನೇ ವಾಲ್ವ್‌ನಲ್ಲಿ ಉಳಿದಿದ್ದ ನಿಮಿಷದಿಂದಲೇ ಮುಂದುವರಿದರೆ ಅದು ನಮ್ಮ ಪೆಟ್ಟಿಗೆ. ಮೊದಲನೆಯದಕ್ಕೆ ಹಿಂದಿರುಗಿದರೆ ಮುಂದಿನ ಸಾಲುಗಳಿಗೆ ಹಬ್ಬ, ಕೊನೆಯ ಸಾಲುಗಳಿಗೆ ಉಪವಾಸ. ಸುಮ್ಮನೆ ಕೂತರಂತೂ ಅದನ್ನು ಹುಲ್ಲುಹಾಸಿಗೇ ಬಿಟ್ಟುಬಿಡಿ.

ಇನ್ನು ಲೆಕ್ಕ. ಎಷ್ಟು ನಿಮಿಷ ಎಂದು ಗೊತ್ತಿಲ್ಲದೆ ಗುಂಡಿ ಒತ್ತಿ ಪ್ರಯೋಜನವಿಲ್ಲ. ಕಬ್ಬಿನ ಜೋಡಿ ಸಾಲಿಗೆ 1.8 ಮೀಟರ್‌ಗೊಂದು ಲ್ಯಾಟರಲ್ ಎಳೆದರೆ ಎಕರೆಗೆ ಸುಮಾರು 2,250 ಮೀಟರ್ ಪೈಪು ಬೇಕು. 40 ಸೆಂ.ಮೀ.ಗೊಂದು ಡ್ರಿಪ್ಪರ್ ಎಂದರೆ 5,600ಕ್ಕೂ ಹೆಚ್ಚು. ಒಂದೊಂದೂ ಗಂಟೆಗೆ 2 ಲೀಟರ್ ಬಿಟ್ಟರೆ ಎಕರೆಗೆ ಗಂಟೆಗೆ 11,200 ಲೀಟರ್ ಚಿಲ್ಲರೆ. ಬೋರಿನಲ್ಲಿ ಅಷ್ಟು ನೀರಿದೆಯೇ ಎಂದು ತಿಳಿಯಲು 200 ಲೀಟರ್ ಡ್ರಮ್ಮು ಸಾಕು: ಒಂದು ನಿಮಿಷದಲ್ಲಿ ತುಂಬಿದರೆ ಗಂಟೆಗೆ 12,000 ಲೀಟರ್ ಬರುತ್ತಿದೆ, ಅಂದರೆ ಒಂದು ವಾಲ್ವ್‌ಗೆ ಒಂದು ಎಕರೆ ಸರಿಹೋಗುತ್ತದೆ. ಅದಕ್ಕಿಂತ ದೊಡ್ಡ ತುಂಡು ಕಟ್ಟಿದರೆ ಲ್ಯಾಟರಲ್ ಕೊನೆಯಲ್ಲಿ ಹನಿ ಬೀಳುವುದಿಲ್ಲ. ತೀರಾ ಚಿಕ್ಕದು ಕಟ್ಟಿದರೆ ಒತ್ತಡಕ್ಕೆ ಪೈಪಿನ ಜಾಯಿಂಟ್ ಬಿಚ್ಚಿಕೊಳ್ಳುತ್ತದೆ.

ಒಂದು ಎಕರೆಯಲ್ಲಿ 1 ಮಿ.ಮೀ. ನೀರು ನಿಂತರೆ 4,047 ಲೀಟರ್. ಬಿರುಬೇಸಿಗೆಯಲ್ಲಿ ಬೆಳೆದು ನಿಂತ ಕಬ್ಬಿಗೆ ದಿನಕ್ಕೆ 5 ಮಿ.ಮೀ. ಎಂದಿಟ್ಟುಕೊಂಡರೆ 20,000 ಲೀಟರ್ ದಾಟುತ್ತದೆ. ಮೇಲಿನ ಡ್ರಿಪ್ಪರ್‌ಗಳಲ್ಲಿ ಅದಕ್ಕೆ 108 ನಿಮಿಷ. ನಾಲ್ಕು ಎಕರೆಗೆ 432 ನಿಮಿಷ. ಏಳು ಗಂಟೆ ಎಂದರೆ 420! ಕರೆಂಟು ಒಂದು ಕ್ಷಣವೂ ಹೋಗದಿದ್ದರೂ ಸಾಲದು. ಒಂದು ಬೋರಿನಲ್ಲಿ ಬೇಸಿಗೆಗೆ ಮೂರೆಕರೆ ಕಬ್ಬು ನಂಬಿಕೊಳ್ಳಬಹುದು, ನಾಲ್ಕನೆಯದು ಜೂಜು. ಈ ಸತ್ಯವನ್ನು ಯಾವ ಪೆಟ್ಟಿಗೆಯೂ ಬದಲಿಸುವುದಿಲ್ಲ.

ಜೋಡಣೆಗೆ ಬರೋಣ. ಹೆಚ್ಚಿನ ಪೆಟ್ಟಿಗೆಗಳು 24 ವೋಲ್ಟಿನಲ್ಲಿ ಸೊಲೆನಾಯ್ಡ್ ವಾಲ್ವ್ ತೆರೆಯುತ್ತವೆ. ಪ್ರತಿ ವಾಲ್ವ್‌ಗೆ ಒಂದು ತಂತಿ, ಎಲ್ಲಕ್ಕೂ ಸೇರಿ ಒಂದು ಕಾಮನ್ ತಂತಿ. ಕಾಮನ್‌ಗೆ ಬೇರೆ ಬಣ್ಣ ಇರಲಿ. ಕಬ್ಬಿನ ಗದ್ದೆಯಲ್ಲಿ ಇಲಿ, ಹೆಗ್ಗಣ ತಂತಿಯನ್ನು ಬಿಡುವುದಿಲ್ಲ. ಪೈಪಿನೊಳಗೆ ತೂರಿಸಿ, ನೇಗಿಲು ತಾಗದಷ್ಟು ಆಳಕ್ಕೆ ಹೂಳಿ. ಟೇಪು ಸುತ್ತಿದ ಜಾಯಿಂಟ್ ಒಂದು ಮಳೆಗಾಲವೂ ಬಾಳುವುದಿಲ್ಲ, ಗ್ರೀಸ್ ತುಂಬಿದ ಕ್ಯಾಪ್ ಹಾಕಿಸಿ. ವಾಲ್ವ್ ತೆರೆಯದಿದ್ದರೆ ಮೊದಲು ಮಲ್ಟಿಮೀಟರ್‌ನಲ್ಲಿ ಕಾಯಿಲ್ ಅಳೆಯಿರಿ: ಸಾಮಾನ್ಯವಾಗಿ 20ರಿಂದ 60 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ತಂತಿ ಕಡಿದಿದೆ ಅಥವಾ ಕಾಯಿಲ್ ಸುಟ್ಟಿದೆ.

ಪೆಟ್ಟಿಗೆಯಿಂದ ಮೋಟಾರ್‌ಗೆ ನೇರವಾಗಿ ತಂತಿ ಎಳೆಯುವ ಸಾಹಸ ಬೇಡ. ರಿಲೇ ಮೂಲಕ ಸ್ಟಾರ್ಟರ್‌ನ ಕಾಂಟ್ಯಾಕ್ಟರ್‌ಗೆ ಮಾತ್ರ ಸೂಚನೆ ಹೋಗಬೇಕು. ಇದು ಬಲ್ಲ ಎಲೆಕ್ಟ್ರೀಷಿಯನ್ ಕೆಲಸ. ಡ್ರೈ ರನ್ ರಕ್ಷಣೆ ಇರಲೇಬೇಕು, ಯಾಕೆಂದರೆ ಬೋರು ಗಾಳಿ ಕುಡಿಯುವಾಗ ಅಲ್ಲಿ ನೀವಿರುವುದಿಲ್ಲ. ಇನ್ನೊಂದು ಮಾತು. ಎಲ್ಲರ ಆಟೋ ಸ್ಟಾರ್ಟರ್ ಕರೆಂಟು ಬಂದ ಕ್ಷಣವೇ ಎದ್ದರೆ ಟಿಸಿ ಸುಡುತ್ತದೆ, ಆಮೇಲೆ ವಾರಗಟ್ಟಲೆ ಎಲ್ಲರ ಹೊಲವೂ ಒಣಗುತ್ತದೆ. ಒಂದೇ ಟಿಸಿಯ ರೈತರು ಮಾತಾಡಿಕೊಂಡು ಒಬ್ಬರು ಎರಡು ನಿಮಿಷ, ಇನ್ನೊಬ್ಬರು ನಾಲ್ಕು ನಿಮಿಷ ಎಂದು ತಡ ಇಟ್ಟುಕೊಳ್ಳಿ. ಆ ತಡದಲ್ಲಿ ವಾಲ್ವ್ ಮೊದಲು ತೆರೆದುಕೊಂಡು ಆಮೇಲೆ ಮೋಟಾರ್ ಎದ್ದರೆ ಪೈಪಿಗೂ ಹಿತ. ಹಾಗೆಯೇ ಒಂದು ವಾಲ್ವ್ ಮುಚ್ಚುವ ಮೊದಲೇ ಮುಂದಿನದು ತೆರೆಯುವಂತೆ ಹೊಂದಿಸಿ. ಎರಡೂ ಮುಚ್ಚಿದ ಹೊತ್ತಿನಲ್ಲಿ ಸಬ್‌ಮರ್ಸಿಬಲ್ ತಳ್ಳಿದರೆ ಮೇನ್ ಪೈಪ್ ಒಡೆಯುತ್ತದೆ.

ಪ್ರೋಗ್ರಾಮ್ ಹಾಕುವಾಗ ಬಹಳ ಜನ ಎಡವುವುದು ಒಂದೇ ಕಡೆ: ನಾಲ್ಕು ವಾಲ್ವ್‌ಗೆ ನಾಲ್ಕು ಸ್ಟಾರ್ಟ್ ಟೈಮ್ ಕೊಡುವುದು. ಹಾಗೆ ಕೊಟ್ಟರೆ ಇಡೀ ಸರದಿ ನಾಲ್ಕು ಸಲ ಓಡುತ್ತದೆ. ಒಂದೇ ಸ್ಟಾರ್ಟ್ ಟೈಮ್ ಕೊಡಿ, ವಾಲ್ವ್‌ಗಳು ಒಂದರ ಹಿಂದೆ ಒಂದು ತಾವೇ ಓಡುತ್ತವೆ. ಅದೇ ಮೋಟಾರ್‌ನಿಂದ ತೆಂಗಿಗೂ ಹೋಗುತ್ತಿದ್ದರೆ ಅದಕ್ಕೆ ಬೇರೆ ಪ್ರೋಗ್ರಾಮ್ ಇರಲಿ. ಎಳನೀರಿನ ಮದ್ದೂರಿನಲ್ಲಿ ಇದು ಬಹುಮಂದಿಗೆ ಬೇಕಾಗುವ ವಿಷಯ. ಮರಕ್ಕೆ 8 ಲೀಟರ್‌ನ ನಾಲ್ಕು ಡ್ರಿಪ್ಪರ್ ಇದ್ದು, ಬೇಸಿಗೆಯಲ್ಲಿ 80 ಲೀಟರ್ ಕೊಡಬೇಕೆಂದರೆ 150 ನಿಮಿಷ ಬೇಕು. ಕಬ್ಬಿನ ನಿಮಿಷಕ್ಕೂ ಅದಕ್ಕೂ ಹೊಂದುವುದಿಲ್ಲ.

ಪೆಟ್ಟಿಗೆಯಲ್ಲಿ ಶೇಕಡಾವಾರು ಗುಂಡಿ ಇದ್ದರೆ ಪ್ರತಿ ವಾಲ್ವ್‌ನ ನಿಮಿಷ ಮುಟ್ಟಬೇಕಿಲ್ಲ. ಮೋಡದ ದಿನಗಳಲ್ಲಿ 60ಕ್ಕೆ ಇಳಿಸಿದರೆ 108 ನಿಮಿಷ ತಾನೇ 65 ಆಗುತ್ತದೆ. ಮಳವಳ್ಳಿ ಕಡೆಯ ಕೆಂಪು ಮಣ್ಣಿನ ಹಿಪ್ಪುನೇರಳೆಗೆ ಅದೇ ನೀರನ್ನು ಎರಡು ಕಂತಿನಲ್ಲಿ ಕೊಡಿ, ಬೇರಿನಿಂದ ಕೆಳಗೆ ಇಳಿದು ಪೋಲಾಗದು. ಸೊಪ್ಪು ಕಟಾವಾದ ಮೇಲೆ ಹೊಸ ಚಿಗುರು ಹರಡುವವರೆಗೆ ಕಡಿಮೆ ಸಾಕು. ವಿಶ್ವೇಶ್ವರಯ್ಯ ನಾಲೆಯ ಜೇಡಿ ಗದ್ದೆಗಳಲ್ಲಿ ದಿನ ಬಿಟ್ಟು ದಿನ ಹೆಚ್ಚು ಹೊತ್ತು ಕೊಟ್ಟರೂ ನಡೆಯುತ್ತದೆ. ನಾಲೆ ನೀರನ್ನು ಹೊಂಡದಲ್ಲಿ ತುಂಬಿಸಿ ಹನಿಗೆ ಬಿಡುವವರಿಗೆ ಪಾಚಿಯ ಕಾಟ ಇರುತ್ತದೆ, ಸ್ಯಾಂಡ್ ಫಿಲ್ಟರ್ ತಪ್ಪಿಸುವಂತಿಲ್ಲ. ಫಿಲ್ಟರ್‌ನ ಎರಡು ಗೇಜ್‌ಗಳ ನಡುವೆ ಅರ್ಧ ಕೆ.ಜಿ. ವ್ಯತ್ಯಾಸ ಕಂಡರೆ ತೊಳೆಯುವ ಹೊತ್ತಾಯಿತು. ಅದನ್ನು ಟೈಮರ್ ಹೇಳುವುದಿಲ್ಲ, ವಾರಕ್ಕೊಮ್ಮೆ ನೀವೇ ಹೋಗಿ ನೋಡಬೇಕು.

ಹನಿ ನೀರಾವರಿಯ ಸಹಾಯಧನಕ್ಕೆ ಕಬ್ಬಾದರೆ ಕೃಷಿ ಇಲಾಖೆ, ತೆಂಗಾದರೆ ತೋಟಗಾರಿಕೆ, ಹಿಪ್ಪುನೇರಳೆಯಾದರೆ ರೇಷ್ಮೆ ಇಲಾಖೆ. ಪೆಟ್ಟಿಗೆ ಮತ್ತು ಸೊಲೆನಾಯ್ಡ್ ವಾಲ್ವ್ ಅದರಲ್ಲಿ ಸೇರುತ್ತದೆಯೇ ಎಂದು ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳಿ. ನಿಮ್ಮ ಮಣ್ಣಿಗೆ, ಬೆಳೆಯ ವಯಸ್ಸಿಗೆ ಎಷ್ಟು ಮಿ.ಮೀ. ಎಂಬ ಪ್ರಶ್ನೆಯನ್ನು ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಹೋಗುವಾಗ ಲ್ಯಾಟರಲ್ ಅಂತರ, ಡ್ರಿಪ್ಪರ್‌ನ ಲೀಟರ್ ಮತ್ತು ಡ್ರಮ್ಮು ತುಂಬಿದ ಸೆಕೆಂಡುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.