ಮಗಳ ಮೈಯಲ್ಲಿ ಕಜ್ಜಿ, ಮನಸ್ಸಿನಲ್ಲಿ ನಾಚಿಕೆ

ಪ್ರಶ್ನೆ: ನಮ್ಮದು ಉಳವಿ ಹತ್ತಿರದ ಹಳ್ಳಿ. ಮಗಳು ವಸತಿ ಶಾಲೆಯಲ್ಲಿ ಆರನೇ ತರಗತಿ. ಚೌತಿಗೆ ಮನೆಗೆ ಬಂದವಳ ಬೆರಳ ಸಂದಿಯಲ್ಲಿ, ಹೊಟ್ಟೆಯ ಮೇಲೆ ಗುಳ್ಳೆಗಳು. ರಾತ್ರಿಯಿಡೀ ತುರಿಸಿಕೊಳ್ಳುತ್ತಾಳೆ. ಜೊತೆಯ ಹುಡುಗಿಯರು ‘ಗಲೀಜು’ ಎಂದು ಹತ್ತಿರ ಸೇರಿಸುವುದಿಲ್ಲವಂತೆ. ವಾಪಸು ಹೋಗಲಾರೆ ಎನ್ನುತ್ತಾಳೆ. ನಾನೇ ಸರಿಯಾಗಿ ಕಲಿಸಲಿಲ್ಲವೇನೋ. ಶಾಲೆ ಬಿಡಿಸಲೇ?

ಉತ್ತರ: ಅಮ್ಮಾ, ನಿದ್ದೆಯಿಲ್ಲದೆ ಒದ್ದಾಡುವ ಮಗುವಿನ ಪಕ್ಕ ಕೂತ ತಾಯಿಯ ಸಂಕಟ ನಿಮ್ಮ ಪತ್ರದಲ್ಲಿದೆ. ಆದರೆ ‘ನಾನೇ ಕಲಿಸಲಿಲ್ಲ’ ಎಂಬ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ.

ನೀವು ಹೇಳಿದ ಲಕ್ಷಣ ತುರಿಕಜ್ಜಿಯಂತಿದೆ, ಖಚಿತಪಡಿಸಬೇಕಾದವರು ವೈದ್ಯರು. ಚರ್ಮದಲ್ಲಿ ಬಿಲ ತೋಡಿ ಮೊಟ್ಟೆಯಿಡುವ ಅತಿ ಸಣ್ಣ ಹುಳುವಿನಿಂದ ಇದು ಬರುತ್ತದೆ. ದಿನಾ ಮಿಂದು ಮಡಿಯುಟ್ಟವರನ್ನೂ ಬಿಡುವುದಿಲ್ಲ. ಮಕ್ಕಳು ಒತ್ತೊತ್ತಾಗಿ ಮಲಗುವಲ್ಲಿ, ಒಂದೇ ಹೊದಿಕೆ, ಒಂದೇ ಟವೆಲ್ ಹಂಚಿಕೊಳ್ಳುವಲ್ಲಿ ಬೇಗ ಹರಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಯಾವುದೇ ಹೊತ್ತಿನಲ್ಲಿ ಜಗತ್ತಿನ 20 ಕೋಟಿಗೂ ಹೆಚ್ಚು ಜನರಲ್ಲಿ ಇದು ಇರುತ್ತದೆ. ಮೊದಲ ಸಲ ತಗುಲಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕು. ಹಾಗಾಗಿ ಮಗಳನ್ನು ದೂರವಿಟ್ಟ ಹುಡುಗಿಯರಲ್ಲೂ ಕೆಲವರಿಗೆ ಈಗಾಗಲೇ ಅಂಟಿರಬಹುದು, ಪಾಪ, ಅವರಿಗೇ ತಿಳಿಯದೆ. ಯಾರಿಂದ ಬಂತೆಂದು ಹುಡುಕುತ್ತ ಹೋದರೆ ಮಕ್ಕಳು ಕಾಯಿಲೆ ಮುಚ್ಚಿಡುತ್ತಾರೆ. ಮುಚ್ಚಿಟ್ಟಷ್ಟೂ ಅದು ಹಬ್ಬುತ್ತದೆ.

ನಾಳೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಜೋಯಿಡಾದ ತಾಲ್ಲೂಕು ಆಸ್ಪತ್ರೆಗೋ ಕರೆದೊಯ್ಯಿರಿ. ಸಾಮಾನ್ಯವಾಗಿ ಪರ್ಮೆಥ್ರಿನ್ ಮುಲಾಮು ಕೊಡುತ್ತಾರೆ. ಗುಳ್ಳೆ ಇರುವಲ್ಲಿ ಮಾತ್ರ ಹಚ್ಚಿದರೆ ಸಾಲದು. ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಸಂದಿಗೂ ಹಚ್ಚಿ, ಬೆಳಿಗ್ಗೆ ಸ್ನಾನ ಮಾಡಿಸಬೇಕು. ವಾರದ ನಂತರ ಮತ್ತೊಮ್ಮೆ. ಮನೆಯವರೂ ವೈದ್ಯರನ್ನು ಕೇಳಿ ಅದೇ ರಾತ್ರಿ ಹಚ್ಚಿಕೊಳ್ಳಿ. ಬೇವು, ಅರಿಶಿನವನ್ನೇ ನಂಬಿ ದಿನ ದೂಡಬೇಡಿ. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ. ನಿಮ್ಮ ಕಡೆಯ ಮಳೆಯಲ್ಲಿ ಕಂಬಳಿ ಒಗೆದರೆ ಒಣಗುವುದು ಯಾವಾಗ? ಪ್ಲಾಸ್ಟಿಕ್ ಚೀಲದಲ್ಲಿ ಒಂದು ವಾರ ಬಿಗಿಯಾಗಿ ಕಟ್ಟಿಡಿ. ಮೈ ಬಿಟ್ಟ ಹುಳು ಎರಡು-ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಔಷಧಿಯ ನಂತರವೂ ಎರಡು-ಮೂರು ವಾರ ತುರಿಕೆ ಉಳಿಯಬಹುದು, ಗಾಬರಿಯಾಗಬೇಡಿ. ಹೊಸ ಗುಳ್ಳೆ ಬಂದರೆ, ಕೀವಾದರೆ ಮತ್ತೆ ತೋರಿಸಿ.

ಶಾಲೆ ಬಿಡಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಬಿಡಿಸಿದರೆ, ತಾನು ನಿಜಕ್ಕೂ ಗಲೀಜು ಎಂದೇ ಆ ಮಗು ನಂಬಿಬಿಡುತ್ತದೆ. ಮೊದಲ ಸಲ ಮುಲಾಮು ಹಚ್ಚಿದ ಮರುದಿನವೇ ಶಾಲೆಗೆ ಹೋಗಬಹುದು. ‘ಇದು ಹುಳು, ನನ್ನ ತಪ್ಪಲ್ಲ, ಔಷಧಿಗೆ ಹೋಗುತ್ತದೆ’ ಎಂಬಷ್ಟನ್ನು ಗೆಳತಿಯರಿಗೆ ಹೇಳಲು ಅವಳಿಗೆ ಕಲಿಸಿ.

ಮಗಳ ಜೊತೆ ನೀವೂ ಹೋಗಿ, ನಿಲಯಪಾಲಕರನ್ನು ಕಾಣಿ. ಅವರೂ ಹತ್ತಾರು ಮಕ್ಕಳ ನಡುವೆ ಹೈರಾಣಾಗಿರುತ್ತಾರೆ. ದೂರುವ ದನಿ ಬೇಡ. ಕೋಣೆಯ ಎಲ್ಲ ಮಕ್ಕಳಿಗೂ ಒಂದೇ ರಾತ್ರಿ ಚಿಕಿತ್ಸೆಯಾಗದಿದ್ದರೆ ನಿಮ್ಮ ಮಗಳಿಗೆ ಮತ್ತೆ ಅಂಟುತ್ತದೆ ಎಂದು ತಿಳಿಸಿ, ಆರೋಗ್ಯ ಕೇಂದ್ರದವರನ್ನು ಕರೆಸಲು ಕೇಳಿಕೊಳ್ಳಿ. ಇದನ್ನು ಓದುತ್ತಿರುವ ನಿಲಯಪಾಲಕರಲ್ಲೂ ನನ್ನ ವಿನಂತಿ: ಕಜ್ಜಿ ಬಂದ ಮಗುವನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಬೇಡಿ.

ಯಾರೂ ಕಿವಿಗೊಡದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆದುಕೊಡಿ. ಮಕ್ಕಳ ಸಹಾಯವಾಣಿ 1098 ಇದೆ. ಮೈ ವಾಸಿಯಾದರೂ ಮಗಳು ಮಂಕಾಗಿದ್ದು ಊಟ, ಮಾತು ಬಿಟ್ಟರೆ 14416ಕ್ಕೆ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.